ಕಣದಲ್ಲೇ ತೂರುವುದೋ, ಮನೆಗೆ ಹೊರುವುದೋ: ಒಂದು ಪುಟ್ಟ ಬೋರ್ಡಿನ ಆಯ್ಕೆಯ ಹಿಂದಿನ ಚರಿತ್ರೆ



ಈ ಸಮ್ಮೇಳನದ ಪ್ರಧಾನ ಭಾಷಣಕ್ಕೆ ನನ್ನನ್ನು ಕರೆದ ಸಂಘಟಕರು ಒಂದೇ ಷರತ್ತು ಹಾಕಿದರು: ‘ಚರಿತ್ರೆಯ ಬಗ್ಗೆ ಮಾತಾಡಿ, ಆದರೆ ನಿಮ್ಮ ಕಸುಬು ಬಿಟ್ಟು ಹೋಗಬೇಡಿ.’ ನನ್ನ ಕಸುಬು ಎಫ್‌ಪಿಜಿಎ. ಅದರ ಚರಿತ್ರೆಗೆ ಐವತ್ತು ವರ್ಷವೂ ತುಂಬಿಲ್ಲ. ಆದರೂ ಅದರಲ್ಲಿ ನಮ್ಮ ಬೆಂಗಳೂರು ಬರುತ್ತದೆ, ಗೌರಿಬಿದನೂರು ಬರುತ್ತದೆ, ಶರಾವತಿ ಹಿನ್ನೀರು ಬರುತ್ತದೆ. ನಾವೀಗ ಕೂತಿರುವ ಡೆನ್ನಿ ಟ್ರಯಾಂಗಲ್ ಕೂಡ ಬರುತ್ತದೆ. ಈ ಚರಿತ್ರೆಯನ್ನು ನಾನು ಓದಿದ್ದು ಪಾಂಡಿತ್ಯಕ್ಕಾಗಿ ಅಲ್ಲ. ಒಂದು ತಪ್ಪು ಮಾಡಿ, ಅದು ಯಾಕಾಯಿತು ಎಂದು ತಿಳಿದುಕೊಳ್ಳಲು ಓದಿದೆ. ಹಾಗಾಗಿ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನಾನು ಓದಿದ ಇಂಜಿನಿಯರಿಂಗ್ ಕಾಲೇಜು ಬಯಲುಸೀಮೆಯ ಒಂದು ಊರಿನಲ್ಲಿದೆ. ಕೆಲವು ವರ್ಷಗಳ ಹಿಂದೆ ಅಲ್ಲಿನ ಎಲೆಕ್ಟ್ರಾನಿಕ್ಸ್ ವಿಭಾಗದ ಮೇಡಂ ಒಬ್ಬರು ಪತ್ರ ಬರೆದರು. ಅವರ ವಿದ್ಯಾರ್ಥಿಗಳು ತಗಡಿನ ಹಾರ್ನ್ ಆಂಟೆನಾ ಮಾಡಿ, ಆಕಾಶಗಂಗೆಯ ಜಲಜನಕ ಹೊರಡಿಸುವ 1420 ಮೆಗಾಹರ್ಟ್ಜ್ ರೇಡಿಯೊ ಸಂಕೇತ ಹಿಡಿಯಬೇಕೆಂದು ಹೊರಟಿದ್ದರು. ‘ಒಂದು ಚಿಕ್ಕ ಎಫ್‌ಪಿಜಿಎ ಬೋರ್ಡ್ ಬೇಕು ಸರ್, ಕಂಪ್ಯೂಟರಿಗೆ ವೇಗವಾಗಿ ಡೇಟಾ ಕಳಿಸುವಂಥದ್ದು.’ ಇಷ್ಟೇ ಅವರ ಬೇಡಿಕೆ.

ಎಫ್‌ಪಿಜಿಎ ಎಂದರೇನು ಎಂದು ನಮ್ಮಲ್ಲಿ ಬೇರೆ ಕಸುಬಿನವರಿಗೆ ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಮಾಮೂಲಿ ಚಿಪ್ಪಿನ ಒಳಗಿನ ಜೋಡಣೆ ಕಾರ್ಖಾನೆಯಲ್ಲೇ ಮುಗಿದುಹೋಗಿರುತ್ತದೆ. ಎಫ್‌ಪಿಜಿಎಯಲ್ಲಿ ಅದನ್ನು ಕೊಂಡವರೇ ಬೇಕಾದಂತೆ ಬದಲಿಸಿಕೊಳ್ಳಬಹುದು. ಇಂದು ಆಂಟೆನಾದ ಲೆಕ್ಕ ಮಾಡುವ ಚಿಪ್ಪು ನಾಳೆ ಕ್ಯಾಮೆರಾದ ಲೆಕ್ಕ ಮಾಡುತ್ತದೆ.

ನಮ್ಮ ಗುಂಪಿನಲ್ಲಿ ಚಂದಾ ಎತ್ತಿದೆವು. ಒಬ್ಬ ಗೆಳೆಯನಿಗೆ ಆ ವಾರವಷ್ಟೇ ಕೆಲಸ ಹೋಗಿತ್ತು. ವೀಸಾದ ಅರವತ್ತು ದಿನಗಳ ಎಣಿಕೆ ಶುರುವಾಗಿತ್ತು. ಆ ಎಣಿಕೆ ಏನೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ. ಬೇಡ ಎಂದರೂ ಕೇಳದೆ ಆತ ‘ನಂದೂ ಐವತ್ತು ಡಾಲರ್ ಬರ್ಕೊಳ್ಳಿ’ ಎಂದ. ಆ ದುಡ್ಡಿಗೆ ತಕ್ಕದ್ದೇ ಕೊಡಬೇಕೆಂದು ನಾನು ಸಿಗುವುದರಲ್ಲೇ ದೊಡ್ಡ ಚಿಪ್ ಇರುವ ಬೋರ್ಡ್ ಆರಿಸಿದೆ. 10 ಗಿಗಾಬಿಟ್ ಕಿಂಡಿ ಬೇರೆ ಇತ್ತು. ಡಬ್ಬಿ ಊರಿಗೆ ತಲುಪಿತು, ಫೋಟೋ ಬಂತು, ಎಲ್ಲರೂ ಚಪ್ಪಾಳೆಯ ಚಿತ್ರ ಹಾಕಿದೆವು.

ಒಂದು ವರ್ಷದ ನಂತರ ವಿಚಾರಿಸಿದೆ. ಮೇಡಂ ಬಹಳ ಸಂಕೋಚದಿಂದ ಹೇಳಿದರು: ‘ಬೋರ್ಡ್ ಚೆನ್ನಾಗಿದೆ ಸರ್. ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದೇವೆ.’

ಆ ಚಿಪ್ಪಿಗೆ ಉಚಿತ ತಂತ್ರಾಂಶ ಸಾಲದು, ಹಣ ಕೊಟ್ಟು ಪರವಾನಗಿ ಪಡೆಯಬೇಕು. ಆಂಟೆನಾದ ಸಂಕೇತವನ್ನು ಅಂಕಿಗಳಾಗಿ ಮಾಡುವ ಎಡಿಸಿ ಬೋರ್ಡಿನಲ್ಲಿ ಇರಲೇ ಇಲ್ಲ. ಅದಕ್ಕೆ ಕೂಡಿಸುವ ಕಾರ್ಡಿನ ಬೆಲೆ ಹೆಚ್ಚುಕಡಿಮೆ ಬೋರ್ಡಿನಷ್ಟೇ. 10 ಗಿಗಾಬಿಟ್ ಕಿಂಡಿಗೆ ತಗುಲಿಸಲು ಕಾಲೇಜಿನಲ್ಲಿ ಏನೂ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ನಾನು ಬೇರೆಯವರ ಹಾಸಿಗೆಯನ್ನು ನೋಡದೆಯೇ ಅವರ ಕಾಲು ಚಾಚಿಸಿದ್ದೆ.

ನಾಚಿಕೆಯಾಯಿತು. ಈ ಕಸುಬಿನಲ್ಲಿ ನಮಗಿಂತ ಮುಂಚಿನವರು ಹೇಗೆ ಆರಿಸಿದರು ಎಂದು ಹುಡುಕಿ ಓದತೊಡಗಿದೆ. ಮೊದಲ ಪಾಠ ಸಿಕ್ಕಿದ್ದು ಇಲ್ಲೇ, ನಮ್ಮ ಕಾಲ ಕೆಳಗೆ.

ಈ ಡೆನ್ನಿ ಟ್ರಯಾಂಗಲ್ ಈಗ ಇಷ್ಟು ಸಪಾಟಾಗಿದೆಯಲ್ಲ, ಇದು ಡೆನ್ನಿ ಗುಡ್ಡದ ಜಾಗ. ಗುಡ್ಡ ಅಡ್ಡಬಂದರೆ ಊರು ಬೆಳೆಯುವುದಿಲ್ಲವೆಂದು ನಗರದ ಇಂಜಿನಿಯರ್ ಆರ್. ಎಚ್. ಥಾಮ್ಸನ್ ಮತ್ತು ಅವರ ನಂತರದವರು 1898ರಿಂದ ಅದನ್ನು ಹಂತಹಂತವಾಗಿ ಅಗೆದು ತೆಗೆದರು. ಮೊದಲ ದೊಡ್ಡ ಹಂತದಲ್ಲಿ ಒತ್ತಡದ ನೀರು ಹಾಯಿಸಿ ಮಣ್ಣನ್ನು ಕೆಸರು ಮಾಡಿ, ದೋಣಿಗಾಲುವೆಗಳ ಮೂಲಕ ಎಲಿಯಟ್ ಕೊಲ್ಲಿಗೆ ಹರಿಸಿದರು. 1911ಕ್ಕೆ ಅದು ನಿಂತಾಗ ಐದನೇ ಅವೆನ್ಯೂದ ಪೂರ್ವಕ್ಕೆ ಅರ್ಧ ಗುಡ್ಡ ಹಾಗೇ ಉಳಿದಿತ್ತು. ಉಳಿದದ್ದನ್ನು 1928ರಿಂದ 1930ರ ನಡುವೆ ತೆಗೆದರು. ಈ ಸಲ ಯಂತ್ರದ ಸನಿಕೆಗಳು ಅಗೆದ ಮಣ್ಣನ್ನು ಕನ್ವೇಯರ್ ಪಟ್ಟಿಗಳು ಸಮುದ್ರದ ದಂಡೆಗೆ ಒಯ್ದವು. ಅಲ್ಲಿಂದ ತಾವೇ ಮಗುಚಿ ಮಣ್ಣು ಸುರಿಯುವಂತೆ ಕಟ್ಟಿದ ದೋಣಿಗಳು ಅದನ್ನು ಕೊಲ್ಲಿಗೆ ಸಾಗಿಸಿದವು. ಆ ಇಂಜಿನಿಯರುಗಳ ಬುದ್ಧಿಯೆಲ್ಲ ಅಗೆಯುವುದಕ್ಕಿಂತ ಹೆಚ್ಚಾಗಿ ಸಾಗಿಸುವುದಕ್ಕೆ ಖರ್ಚಾಗಿದೆ. ಸನಿಕೆ ಎಷ್ಟೇ ದೊಡ್ಡದಿರಲಿ, ಪಟ್ಟಿ ಹೊರುವಷ್ಟೇ ಕೆಲಸ ಸಾಗುತ್ತದೆ.

ಇದೇ ಜಾಗದಲ್ಲಿ, ಆರನೇ ಅವೆನ್ಯೂದಲ್ಲಿ, 1981ರಲ್ಲಿ ಎದ್ದ ವೆಸ್ಟಿನ್ ಬಿಲ್ಡಿಂಗ್ ಇದೆ. ಹೋಟೆಲ್ ಕಂಪನಿಯ ಕಚೇರಿಗೆಂದು ಕಟ್ಟಿದ್ದು ಕ್ರಮೇಣ ಫೈಬರ್ ತಂತಿಗಳು ಸಂಧಿಸುವ ಮನೆಯಾಯಿತು. 1997ರಲ್ಲಿ ಸಿಯಾಟಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಹುಟ್ಟಿದ್ದೂ ಅಲ್ಲೇ. ಅಲ್ಲಿನ ಯಂತ್ರಗಳು ಹೊರಸೂಸುವ ಬಿಸಿಯನ್ನು ನೀರಿನ ಕೊಳವೆಗಳಲ್ಲಿ ತಂದು, 2015ರ ಕೊನೆಗೆ ತೆರೆದ ಅಮೆಜಾನ್‌ನ ಡಾಪ್ಲರ್ ಕಟ್ಟಡವನ್ನು ಬೆಚ್ಚಗಿಡುತ್ತಾರೆ. ನಮ್ಮಲ್ಲಿ ಕೆಲವರು ಚಳಿಗಾಲದಲ್ಲಿ ಕಾಯಿಸಿಕೊಳ್ಳುತ್ತಿರುವುದು ಆ ಬಿಸಿಯನ್ನೇ.

ಈಗ ನಮ್ಮ ಚಿಪ್ಪಿನ ಹುಟ್ಟಿಗೆ ಬರೋಣ. ವರ್ಷ 1985. ಕ್ಯಾಲಿಫೋರ್ನಿಯಾದಲ್ಲಿ ರಾಸ್ ಫ್ರೀಮನ್ ಮತ್ತು ಇಬ್ಬರು ಜೊತೆಗಾರರು ಹಿಂದಿನ ವರ್ಷ ಕಟ್ಟಿದ ಝೈಲಿಂಕ್ಸ್ ಕಂಪನಿ ಎಕ್ಸ್‌ಸಿ2064 ಎಂಬ ಚಿಪ್ ಹೊರತಂದಿತು. ಮಾರುಕಟ್ಟೆಗೆ ಬಂದ ಮೊದಲ ಎಫ್‌ಪಿಜಿಎ ಅದು. ಒಳಗೆ ಇದ್ದದ್ದು ಬರೀ 64 ತರ್ಕದ ತುಂಡುಗಳು. ಟ್ರಾನ್ಸಿಸ್ಟರ್ ಒಂದೊಂದೂ ದುಬಾರಿಯಾಗಿದ್ದ ಕಾಲದಲ್ಲಿ, ಮುಂದೆ ಅವು ಅಗ್ಗವಾಗುತ್ತವೆ, ಆದ್ದರಿಂದ ಸ್ವಲ್ಪ ದಂಡ ಮಾಡಿದರೂ ಚಿಂತೆಯಿಲ್ಲ ಎಂದು ಫ್ರೀಮನ್ ಪಣ ಕಟ್ಟಿದರು. ಪಣ ಗೆದ್ದಿತು, ಆದರೆ ಗೆದ್ದದ್ದನ್ನು ಪೂರ್ತಿ ನೋಡಲು ಅವರು ಉಳಿಯಲಿಲ್ಲ. 1989ರಲ್ಲಿ ತೀರಿಕೊಂಡರು.

ಅದೇ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಚಿಪ್ಪಿನ ವಿನ್ಯಾಸವನ್ನು ಬೆಂಗಳೂರಿನಲ್ಲಿ ಮಾಡಿ ಅಮೆರಿಕಕ್ಕೆ ಕಳಿಸಲು ಉಪಗ್ರಹ ಸಂಪರ್ಕ ಬೇಕಾಗಿತ್ತು. ಆ ಡಿಶ್ಶಿನ ಸಾಮಾನು ಎತ್ತಿನ ಗಾಡಿಯಲ್ಲಿ ಬಂದ ಕತೆಯನ್ನು ಬೆಂಗಳೂರಿನ ಹಳೆಯ ಇಂಜಿನಿಯರುಗಳು ಈಗಲೂ ಹೇಳುತ್ತಾರೆ. ಹಾಗೆ ಸಿಕ್ಕಿದ ದಾರಿಯ ಅಗಲ ಸೆಕೆಂಡಿಗೆ 64 ಕಿಲೊಬಿಟ್, ಅಂದರೆ 8 ಕಿಲೊಬೈಟ್. ಒಂದು ಮೆಗಾಬೈಟ್ ಹೋಗಲು ಎರಡು ನಿಮಿಷ. ಇಂದು ನಾವು ಒಂದು ಮದುವೆ ಫೋಟೋ ಕಳಿಸುವ ಹೊತ್ತಿಗೆ ತಾಳ್ಮೆ ಕಳೆದುಕೊಳ್ಳುತ್ತೇವೆ. ಅವರು ಆ ಕಿರುದಾರಿಯಲ್ಲಿ ಒಂದು ಉದ್ಯಮವನ್ನೇ ಸಾಗಿಸಿದರು. ಏನನ್ನು ಕಳಿಸಬೇಕು, ಏನನ್ನು ಇಲ್ಲೇ ಮುಗಿಸಬೇಕು ಎಂದು ಅವರು ದಿನಾ ಯೋಚಿಸಲೇಬೇಕಾಗಿತ್ತು.

ರೈತರ ಮನೆಯಲ್ಲಿ ಹುಟ್ಟಿದವರಿಗೆ ಇದು ಹೊಸ ಮಾತಲ್ಲ. ಕೊಯ್ದ ಪೈರನ್ನು ಕಣಕ್ಕೆ ತಂದು, ಒಕ್ಕಿ, ಗಾಳಿ ನೋಡಿ ತೂರಿ, ಕಾಳನ್ನು ಮಾತ್ರ ಮನೆಗೆ ಹೊರುತ್ತೇವೆ. ಜೊಳ್ಳನ್ನು ಹೊತ್ತು ಮನೆಗೆ ತಂದು ಅಲ್ಲಿ ತೂರುವವರು ಯಾರೂ ಇಲ್ಲ. ಎಫ್‌ಪಿಜಿಎ ಬೋರ್ಡ್ ಎಂದರೆ ಒಂದು ಕಣ. ಅದರ ಕಿಂಡಿ ಎಂದರೆ ಮನೆಗೆ ಹೋಗುವ ಗಾಡಿಜಾಡು. ಎಷ್ಟು ಅಗಲದ ಜಾಡು ಬೇಕು ಎನ್ನುವುದು ಕಣದಲ್ಲಿ ಎಷ್ಟು ತೂರುತ್ತೀರಿ ಎನ್ನುವುದರ ಮೇಲೆ ನಿಂತಿದೆ.

ನಮ್ಮ ನಾಡಿನ ರೇಡಿಯೊ ಖಗೋಳದವರಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ಸರ್ ಸಿ. ವಿ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆಯ ಜೊತೆ ಸೇರಿ 1970ರ ದಶಕದಲ್ಲಿ ಗೌರಿಬಿದನೂರಿನ ಬಯಲಿನಲ್ಲಿ ಒಂದು ದೂರದರ್ಶಕ ಕಟ್ಟಿತು. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳು. ಪೂರ್ವ ಪಶ್ಚಿಮಕ್ಕೆ 1.4 ಕಿಲೋಮೀಟರ್ ಉದ್ದ. ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಜ್. ಅಷ್ಟು ದೂರದ ತಂತಿಗಳಿಂದ ಬಂದದ್ದನ್ನು ಒಟ್ಟುಗೂಡಿಸಿ, ಬೇಕಾದಷ್ಟನ್ನು ಮಾತ್ರ ಬರೆದಿಟ್ಟುಕೊಳ್ಳುವ ವಿದ್ಯೆಯಲ್ಲಿ ಒಂದು ತಲೆಮಾರು ಅಲ್ಲಿ ಪಳಗಿತು.

ಆ ವಿದ್ಯೆ ಮುಂದೆ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಗೆ ಹೋಯಿತು. ಅಲ್ಲಿನ ಮರ್ಚಿಸನ್ ಎಂಬ ಕಡೆ 2013ರಲ್ಲಿ ಕೆಲಸ ಶುರುಮಾಡಿದ ರೇಡಿಯೊ ದೂರದರ್ಶಕಕ್ಕೆ ಆಗ 128 ಆಂಟೆನಾ ಗುಂಪುಗಳಿದ್ದವು. ಎಂಟೆಂಟು ಗುಂಪಿಗೆ ಒಂದರಂತೆ 16 ಡಿಜಿಟಲ್ ರಿಸೀವರ್ ಪೆಟ್ಟಿಗೆಗಳು ಬಯಲಲ್ಲೇ ನಿಂತಿದ್ದವು. ಅವನ್ನು ರೂಪಿಸುವುದರಲ್ಲಿ ಮುಖ್ಯ ಪಾಲು ನಮ್ಮ ರಾಮನ್ ಸಂಸ್ಥೆಯದು. ಪೆಟ್ಟಿಗೆಯೊಳಗೆ ಪ್ರತಿ ಸಂಕೇತವನ್ನು ಸೆಕೆಂಡಿಗೆ 65 ಕೋಟಿಗೂ ಹೆಚ್ಚು ಸಲ ಅಳೆಯುತ್ತಿದ್ದರು. ಎಫ್‌ಪಿಜಿಎ ಅದನ್ನು 256 ಪಟ್ಟಿಗಳಾಗಿ ಸೀಳುತ್ತಿತ್ತು. ಅದರಲ್ಲಿ ಆರಿಸಿದ 24 ಪಟ್ಟಿಗಳು ಮಾತ್ರ ಫೈಬರಿನಲ್ಲಿ ಮುಂದೆ ಹೋಗುತ್ತಿದ್ದವು. ಹತ್ತರಲ್ಲಿ ಒಂದು ಪಾಲೂ ಅಲ್ಲ. ಉಳಿದದ್ದೆಲ್ಲ ಆ ಮರುಭೂಮಿಯ ಕಣದಲ್ಲೇ ಬಿಟ್ಟದ್ದು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ, ಅದೇ ಸಂಸ್ಥೆಯ ‘ಸರಸ್’ ಪ್ರಯೋಗ. ವಿಶ್ವದ ಮೊದಮೊದಲ ನಕ್ಷತ್ರಗಳ ಕಾಲದ ಸಂಕೇತ ಸಿಕ್ಕಿದೆ ಎಂದು 2018ರಲ್ಲಿ ಅಮೆರಿಕದ ಒಂದು ತಂಡ ಹೇಳಿತ್ತು. ಅದನ್ನು ಪರೀಕ್ಷಿಸಲು ನಮ್ಮವರು 2020ರ ಆರಂಭದಲ್ಲಿ ಆಂಟೆನಾವನ್ನು ತೆಪ್ಪದ ಮೇಲಿಟ್ಟು, ದಂಡಿಗನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ನೆಲದ ಪದರಗಳಿಂದ ಸಂಕೇತ ಕೆಡುತ್ತದೆ, ಆಳವಾದ ನೀರು ಒಂದೇ ಸಮ ಇರುತ್ತದೆ ಎಂಬ ಕಾರಣಕ್ಕೆ. ತೆಪ್ಪದಿಂದ ದಡಕ್ಕೆ ಆಪ್ಟಿಕಲ್ ಫೈಬರ್, ದಡದಲ್ಲಿ ಎಫ್‌ಪಿಜಿಎ ಆಧಾರಿತ ರೋಹಿತಮಾಪಕ. ಹಿಂದಿನ ತಂಡ ಹೇಳಿದ ಸಂಕೇತ ಆಕಾಶದ್ದಲ್ಲ ಎಂದು 95.3 ಶೇಕಡಾ ಖಾತರಿಯಿಂದ 2022ರಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಪ್ರಕಟಿಸಿದರು. ಇದರ ಮುಂದಿನ ಹೆಜ್ಜೆ ‘ಪ್ರತುಷ್’, ಚಂದ್ರನ ಸುತ್ತ ತಿರುಗಬೇಕಾದ ಉಪಕರಣ. ಅಲ್ಲಿ ಗ್ರಾಂ ಗ್ರಾಂಗೂ ಲೆಕ್ಕ. ಹಾಗಾಗಿ ಅದರ ಪ್ರಯೋಗಾಲಯದ ಮಾದರಿಯಲ್ಲಿ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಮೇಲ್ವಿಚಾರಣೆ ಮಾಡುತ್ತದೆ, ಭಾರದ ಲೆಕ್ಕವನ್ನು ಎಫ್‌ಪಿಜಿಎ ಮಾಡುತ್ತದೆ. ಚಿಕ್ಕದು ಎನ್ನುವುದು ಇಲ್ಲಿ ಬಡತನದ ಮಾತಲ್ಲ, ವಿವೇಕದ ಮಾತು.

ದೊಡ್ಡವರಿಗೂ ಈ ಪಾಠ ಒಂದೇ ಸಲಕ್ಕೆ ಬರಲಿಲ್ಲ. ನಮ್ಮ ಸರೋವರದ ಆಚೆ, ರೆಡ್ಮಂಡಿನ ಮೈಕ್ರೋಸಾಫ್ಟ್ 2014ರಲ್ಲಿ ಕ್ಯಾಟಪುಲ್ಟ್ ಯೋಜನೆಯ ಫಲ ಪ್ರಕಟಿಸಿತು. 1,632 ಸರ್ವರುಗಳಿಗೆ ಒಂದೊಂದು ಎಫ್‌ಪಿಜಿಎ ಕೂಡಿಸಿ, ಬಿಂಗ್ ಹುಡುಕಾಟದ ಶ್ರೇಯಾಂಕದ ಕೆಲಸವನ್ನು ಪ್ರತಿ ಸರ್ವರಿನಲ್ಲಿ 95 ಶೇಕಡಾ ಹೆಚ್ಚಿಸಿದ್ದರು. ಆದರೆ ಆ ಚಿಪ್ಪುಗಳು 48ರ ಗುಂಪುಗಳಲ್ಲಿ ತಮ್ಮದೇ ಪ್ರತ್ಯೇಕ ತಂತಿಗಳಿಂದ ಮಾತಾಡುತ್ತಿದ್ದವು. ಗುಂಪಿನಾಚೆ ದಾರಿಯಿಲ್ಲ. 2016ರ ವಿನ್ಯಾಸದಲ್ಲಿ ಆ ಪ್ರತ್ಯೇಕ ತಂತಿಗಳನ್ನು ಬಿಟ್ಟು, ಸರ್ವರಿನ 40 ಗಿಗಾಬಿಟ್ ಜಾಲದ ತಂತಿಯೇ ಎಫ್‌ಪಿಜಿಎ ಮೂಲಕ ಹಾದುಹೋಗುವಂತೆ ಮಾಡಿದರು. ಕಣವನ್ನು ತಂದು ದಾರಿಯ ಮೇಲೇ ಇಟ್ಟರು. ಮರುವರ್ಷ, 2017ರ ಏಪ್ರಿಲ್‌ನಲ್ಲಿ, ಈ ನೆರೆಯ ಅಮೆಜಾನ್ ತನ್ನ ಎಫ್1 ಸೇವೆಯಲ್ಲಿ ಎಫ್‌ಪಿಜಿಎಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಎಲ್ಲರಿಗೂ ತೆರೆಯಿತು. ‘ಮತ್ತೆ ಬೋರ್ಡ್ ಯಾಕೆ ಕೊಳ್ಳಬೇಕು, ಬಾಡಿಗೆಗೆ ತಗೊಳ್ಳಲಿ’ ಎಂದು ಒಬ್ಬರು ನನಗೆ ಹೇಳಿದ್ದರು. ಒಳ್ಳೆಯ ಮಾತೇ. ಆದರೆ ಕಾಲೇಜಿನ ಮಹಡಿ ಮೇಲಿನ ಆಂಟೆನಾದ ತಂತಿಯನ್ನು ಮೋಡಕ್ಕೆ ಚುಚ್ಚಲಾಗುವುದಿಲ್ಲವಲ್ಲ!

ಇಷ್ಟು ಹೇಳಿದ ಮೇಲೆ, ಎಲ್ಲವನ್ನೂ ಕಣದಲ್ಲೇ ತೂರಿಬಿಡಿ ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಅದರಲ್ಲೂ ಅಪಾಯವಿದೆ. 1967ರಲ್ಲಿ ಕೇಂಬ್ರಿಡ್ಜಿನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ದಿನಕ್ಕೆ ಸುಮಾರು 30 ಮೀಟರ್ ಉದ್ದದ ಕಾಗದದ ಮೇಲೆ ಮೂಡಿದ ಗೆರೆಗಳನ್ನು ಕಣ್ಣಿಟ್ಟು ನೋಡುತ್ತಿದ್ದರು. ಅದರಲ್ಲಿ ಒಂದು ಚೂರು ಗೀಚು ಅವರಿಗೆ ವಿಚಿತ್ರವಾಗಿ ಕಂಡಿತು. ಅದೇ ಮೊದಲ ಪಲ್ಸಾರ್. ಯಾವುದೋ ಯಂತ್ರ ಆ ಗೀಚನ್ನು ಜೊಳ್ಳೆಂದು ಮೊದಲೇ ತೂರಿಬಿಟ್ಟಿದ್ದರೆ? ಏನು ಕಾಳು, ಏನು ಜೊಳ್ಳು ಎಂದು ಇನ್ನೂ ಕಲಿಯುತ್ತಿರುವವರಿಗೆ ಸ್ವಲ್ಪ ಅಗಲದ ದಾರಿ ಬೇಕು. ವಿದ್ಯಾರ್ಥಿಗಳು ಕಚ್ಚಾ ಡೇಟಾವನ್ನು ಕೆಲವು ಸಲವಾದರೂ ಕಣ್ಣಾರೆ ನೋಡಬೇಕು.

ಹೀಗೆ ಎರಡೂ ತುದಿ ಕಂಡ ಮೇಲೆ, ಕಳೆದ ವರ್ಷ ನಾನು ಮತ್ತೆ ಮೇಡಂಗೆ ಫೋನು ಮಾಡಿದೆ. ಈ ಸಲ ಬೋರ್ಡಿನ ಹೆಸರು ಹೇಳಲಿಲ್ಲ. ಶನಿವಾರ ಸಂಜೆ, ಅವರಿಗೆ ಭಾನುವಾರ ಬೆಳಗ್ಗೆ, ವಿದ್ಯಾರ್ಥಿಗಳ ಜೊತೆ ಕೂತು ಲೆಕ್ಕ ಹಾಕಿದೆವು.

ಆಕಾಶಗಂಗೆಯ ಜಲಜನಕ ನೋಡಲು ಎರಡು ಮೂರು ಮೆಗಾಹರ್ಟ್ಜ್ ಅಗಲ ಸಾಕು. ಧಾರಾಳವಾಗಿ ಸೆಕೆಂಡಿಗೆ ಒಂದು ಕೋಟಿ ಸಲ ಅಳೆದು, ಒಂದೊಂದಕ್ಕೆ ಎರಡು ಬೈಟ್ ಎಂದರೂ 20 ಮೆಗಾಬೈಟ್. ಯುಎಸ್‌ಬಿ 2 ಹೆಸರಿಗೆ 480 ಮೆಗಾಬಿಟ್, ಕೈಗೆ ಸಿಗುವುದು ಸೆಕೆಂಡಿಗೆ 30ರಿಂದ 40 ಮೆಗಾಬೈಟ್. ಹೇಗೋ ಸಾಗುತ್ತದೆ. ಯುಎಸ್‌ಬಿ 3 ಅದರ ಹತ್ತು ಪಟ್ಟು, ಆದರೆ ತಂತಿ ಮೂರು ಮೀಟರ್ ದಾಟಿದರೆ ತೊಂದರೆ, ಮೇಲಾಗಿ ಅದು ತಾನೇ ರೇಡಿಯೊ ಗದ್ದಲ ಹೊರಸೂಸುತ್ತದೆ. ಗಿಗಾಬಿಟ್ ಈಥರ್ನೆಟ್ 125 ಮೆಗಾಬೈಟಿನ ದಾರಿ. ಮಾಮೂಲಿ ತಂತಿ 100 ಮೀಟರ್ ಎಳೆಯಬಹುದು. ಆಂಟೆನಾ ಮಹಡಿ ಮೇಲೆ, ಕಂಪ್ಯೂಟರ್ ಕೆಳಗೆ, ಸ್ವಿಚ್ಚು ಕಾಲೇಜಿನಲ್ಲಿ ಆಗಲೇ ಇದೆ. ತೀರ್ಮಾನ ಅಲ್ಲೇ ಆಗಿಹೋಯಿತು. 10 ಗಿಗಾಬಿಟ್ಟಿನ ಮಾತೇ ಬರಲಿಲ್ಲ. ಅದಕ್ಕೆ ಆರ್ಟಿಕ್ಸ್-7 ಜಾತಿಯ ಸಣ್ಣ ಚಿಪ್ಪುಗಳ 6.6 ಗಿಗಾಬಿಟ್ಟಿನ ಕಿಂಡಿ ಸಾಲುವುದೂ ಇಲ್ಲ. ಆದರೆ ಆ ಸಣ್ಣ ಚಿಪ್ಪಿಗೆ ಉಚಿತ ತಂತ್ರಾಂಶ ಸಾಕು.

ಬೋರ್ಡಿನ ಮೇಲೆ ಡಿಡಿಆರ್ ಮೆಮೊರಿ ಇರಲಿ ಎಂದೆ. ಅದು ನಮ್ಮ ಹಳೆಯ ಹಗೇವಿನ ಹಾಗೆ. 256 ಮೆಗಾಬೈಟ್ ಇದ್ದರೆ 12 ಸೆಕೆಂಡಿನ ಕಚ್ಚಾ ಡೇಟಾ ಅದರಲ್ಲಿ ಕೂಡಿಟ್ಟುಕೊಳ್ಳಬಹುದು. ಏನಾದರೂ ವಿಚಿತ್ರ ಕಂಡಾಗ ಬಗೆದು ನೋಡಬಹುದು. ಎಡಿಸಿಯನ್ನು ಬೋರ್ಡಿನ ಪಕ್ಕದ ಪಿನ್ನುಗಳಿಗೆ ಕೂಡಿಸುವುದೆಂದು ಮೊದಲೇ ಗೊತ್ತುಮಾಡಿಕೊಂಡೆವು.

ಆಗ ಮೂರನೇ ವರ್ಷದ ಒಬ್ಬ ಹುಡುಗಿ ಕೇಳಿದಳು: ‘ಸರ್, ಎಷ್ಟು ಬೇಕು ಅಂತ ಮೊದಲೇ ಗೊತ್ತಾದರೆ ಬೋರ್ಡ್ ಹುಡುಕೋಕೆ ನಾವೇ ಸಾಕಲ್ವಾ?’

ನಾನು ಮೈಕ್ ಬಂದ್ ಮಾಡಿ ಒಂದು ಲೋಟ ನೀರು ಕುಡಿದೆ. ಸತ್ಯ ಅದೇ ಅಲ್ಲವೇ? ನಮ್ಮ ವಾಷಿಂಗ್ಟನ್ ರಾಜ್ಯದ ಪುಲ್ಮನ್ ಊರಿನಲ್ಲಿ ಇಬ್ಬರು ಪ್ರಾಧ್ಯಾಪಕರು 2000ದಲ್ಲಿ ಡಿಜಿಲೆಂಟ್ ಕಟ್ಟಿದ್ದೂ ವಿದ್ಯಾರ್ಥಿಗಳ ಕೈಗೆಟಕುವ ಬೋರ್ಡಿಗಾಗಿಯೇ. ಬೆಂಗಳೂರಿನಲ್ಲೇ ನುಮಾಟೊ ಲ್ಯಾಬ್ ಎಫ್‌ಪಿಜಿಎ ಬೋರ್ಡ್ ಮಾಡುತ್ತದೆ. ಆರ್ಟಿಕ್ಸ್-7 ಚಿಪ್, ಗಿಗಾಬಿಟ್ ಈಥರ್ನೆಟ್, ಡಿಡಿಆರ್3 ಇರುವ ಅವರ ಮಿಮಾಸ್ ಎ7 ನಮ್ಮ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿತ್ತು. ಸಮುದ್ರ ದಾಟಿಸಿ, ಸುಂಕ ಕಟ್ಟಿಸಿ, ನಾನು ಕಳಿಸಬೇಕಾದದ್ದು ಏನೂ ಇರಲಿಲ್ಲ. ಅವರಿಗೆ ಕಡಿಮೆಯಾಗಿದ್ದದ್ದು ಬೋರ್ಡಲ್ಲ, ಜೊತೆಯಲ್ಲಿ ಕೂತು ಲೆಕ್ಕ ಹಾಕುವ ಒಬ್ಬ ಮನುಷ್ಯ. ಮೊದಲ ಸಲ ನಾನು ಚಂದಾ ಎತ್ತುವ ಬದಲು ಒಂದು ಗಂಟೆ ಕೊಟ್ಟಿದ್ದರೆ, ಆ ಗೆಳೆಯನ ಐವತ್ತು ಡಾಲರ್ ಅವನ ಮನೆಬಾಡಿಗೆಗೆ ಒದಗುತ್ತಿತ್ತು.

ಅವನಿಗೆ ಇದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಈಗ ಬೇರೆ ಕೆಲಸದಲ್ಲಿದ್ದಾನೆ, ನಕ್ಕುಬಿಟ್ಟ. ‘ಆ ದೊಡ್ಡ ಬೋರ್ಡ್ ಮಾರಿಸಿ, ಬಂದ ದುಡ್ಡಲ್ಲಿ ಅವರೇ ಬೇಕಾದ್ದು ತಗೊಳ್ಳಲಿ’ ಎಂದ. ಹಾಗೇ ಆಯಿತು. ಬೀರು ಖಾಲಿಯಾಯಿತು.

ಬಂಧುಗಳೇ, ನಾವು ಊರು ಬಿಟ್ಟು ಬಂದವರು. ಊರಿಗೆ ಏನಾದರೂ ಮಾಡಬೇಕೆಂಬ ಹಂಬಲದಲ್ಲಿ ನಮ್ಮ ಕಣ್ಣಿಗೆ ದೊಡ್ಡದಾಗಿ ಕಾಣುವುದನ್ನೇ ಹೊತ್ತು ಹಾಕುತ್ತೇವೆ. ಕಳಿಸುವ ಮೊದಲು ಅವರ ಕಣ ಎಷ್ಟಗಲ, ದಾರಿ ಎಷ್ಟಗಲ, ಬೇಕಾದ ಕಾಳೆಷ್ಟು ಎಂದು ಅವರನ್ನೇ ಕೇಳೋಣ. ಈ ಸಮ್ಮೇಳನದಲ್ಲಿ ನಿಮ್ಮ ಹತ್ತಿರ ನಾನು ಕೇಳುವುದೂ ಅಷ್ಟೇ: ಚೆಕ್ ಬೇಡ, ತಿಂಗಳಿಗೆ ಒಂದು ಶನಿವಾರ ಸಂಜೆ ಕೊಡಿ. ಹೆಸರು ಬರೆದುಕೊಳ್ಳಲು ಹೊರಗೆ ಮೇಜಿನ ಮೇಲೆ ಪುಸ್ತಕ ಇಟ್ಟಿದ್ದೇನೆ.

ಮೊನ್ನೆ ಫೆಬ್ರವರಿಯಲ್ಲಿ ಆ ಹುಡುಗಿ ಒಂದು ಕಡತ ಕಳಿಸಿದಳು. 8,192 ಪಟ್ಟಿಗಳು, ಒಂದೊಂದಕ್ಕೆ ನಾಲ್ಕು ಬೈಟ್. ನಕ್ಷೆ ಬಿಡಿಸಿ ನೋಡಿದೆ. ನಡುವೆ, 1420ರ ಹತ್ತಿರ, ಒಂದು ಸಣ್ಣ ದಿಬ್ಬ. ನಮ್ಮ ಆಕಾಶಗಂಗೆ. ಕಡತದ ಗಾತ್ರ 32 ಕಿಲೊಬೈಟ್. 1985ರಲ್ಲಿ ಬೆಂಗಳೂರಿಗೆ ಬಂದವರು ಹಾಕಿಕೊಂಡ ಆ 64 ಕಿಲೊಬಿಟ್ಟಿನ ಕಿರುದಾರಿಯಲ್ಲೂ ಅದು ನಾಲ್ಕೇ ಸೆಕೆಂಡಿನಲ್ಲಿ ಬರುತ್ತಿತ್ತು.